ಬೇಗಂ ರೊಕೆಯಾ ಮತ್ತು ಅವರ ಶಾಲೆಯ ಬಸ್ಸು

ಲೇಖಕಿಯರ ಭಾವಚಿತ್ರಗಳನ್ನು ಬಾಲಕಿಯರ ಶಾಲೆಯ ಗೋಡೆಗೆ ತೂಗುಹಾಕುವುದು ಸುಲಭ. ಶಾಲೆಯನ್ನೇ ಕಟ್ಟಿ ನಡೆಸಿದ ಲೇಖಕಿಯರಲ್ಲಿ ನಾನು ಮೊದಲಿಗೆ ನೆನೆಯುವುದು ಬಂಗಾಳದ ಬೇಗಂ ರೊಕೆಯಾ ಅವರನ್ನು. ರಾತ್ರಿ ಹೊತ್ತು ಅಣ್ಣನಿಂದ ಗುಟ್ಟಾಗಿ ಇಂಗ್ಲಿಷ್ ಕಲಿತ ಈಕೆ, ಹೆಂಗಸರು ನಾಡನ್ನಾಳುವ, ಗಂಡಸರು ಪರದೆಯೊಳಗಿರುವ ಕಥೆಯೊಂದನ್ನು ಅದೇ ಭಾಷೆಯಲ್ಲಿ ಬರೆದು, 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಪತಿ ತೀರಿಕೊಂಡ ಮೇಲೆ ಭಾಗಲ್ಪುರದಲ್ಲಿ ತೆರೆದ ಶಾಲೆಯನ್ನು 1911ರಲ್ಲಿ ಕಲ್ಕತ್ತೆಗೆ ತಂದು, ಎಂಟು ಹುಡುಗಿಯರೊಂದಿಗೆ ಮತ್ತೆ ಆರಂಭಿಸಿದರು.

ಶಾಲೆಯ ಬಸ್ಸಿನ ಪ್ರಸಂಗವನ್ನು ಅವರೇ ಬರೆದಿದ್ದಾರೆ. ಪರದೆಗೆ ಭಂಗ ಬಾರದಂತೆ ಎಲ್ಲ ಕಡೆಯೂ ಮುಚ್ಚಿದ್ದ ಆ ಗಾಡಿಯಲ್ಲಿ ಗಾಳಿಯಾಡದೆ ಮಕ್ಕಳು ವಾಂತಿ ಮಾಡಿಕೊಂಡರು, ಕೆಲವರು ಮೂರ್ಛೆ ಹೋದರು. ಮುಚ್ಚಿಗೆಯನ್ನು ಸಡಿಲಿಸಿ ಬಟ್ಟೆಯ ಪರದೆ ಕಟ್ಟಿಸಿದರೆ, ಅದು ಗಾಳಿಗೆ ಹಾರಿ ಹುಡುಗಿಯರು ಕಾಣುತ್ತಾರೆಂದು ಆಕ್ಷೇಪದ ಪತ್ರಗಳು ಬಂದವು. ಇಷ್ಟನ್ನೂ ಅವರು ಗೋಳಾಡದೆ, ಮೊನಚಾದ ವ್ಯಂಗ್ಯದಲ್ಲಿ ಹೇಳುತ್ತಾರೆ (ನನಗಂತೂ ಆ ಪ್ರಸಿದ್ಧ ಕಥೆಗಿಂತ ಈ ಬರಹವೇ ಹೆಚ್ಚು ಇಷ್ಟ).

1932ರಲ್ಲಿ ತೀರಿಕೊಳ್ಳುವವರೆಗೂ ಅವರು ಶಾಲೆಯ ಹೊಣೆಯನ್ನು ಬಿಡಲಿಲ್ಲ. ಪತಿ ಸಖಾವತ್ ಅವರ ಹೆಸರಿನ ಆ ಶಾಲೆ ಕಲ್ಕತ್ತೆಯಲ್ಲಿ ಇಂದಿಗೂ ಸರ್ಕಾರಿ ಬಾಲಕಿಯರ ಪ್ರೌಢಶಾಲೆಯಾಗಿ ನಡೆಯುತ್ತಿದೆ.