ಒನ್ಸ್ ಮೋರ್ ಅಂದ್ರೆ ಏನ್ಮಾಡ್ಬೇಕು: ಕೃಷ್ಣನ ಪಾರ್ಟಿನ ತಾಲೀಮು ದಿನಚರಿ

ನವೆಂಬರ್ 20

ಪಾರ್ಟು ಹಂಚಿದರು. ಕುರುಕ್ಷೇತ್ರ ನಾಟಕ, ಸಂಧಾನದ ಭಾಗ ಮಾತ್ರ, ಆಡೋರೆಲ್ಲ ಹೆಂಗಸರು. ತಾಲೀಮು ಕ್ಯಾತ್ಸಂದ್ರದ ಒಂದು ಮನೆ ಮಹಡಿ ಮೇಲೆ. ನಂಗೆ ಕೃಷ್ಣ. ನಮ್ಮ ಕಡೆ ಪೌರಾಣಿಕ ನಾಟಕದ ಪಾರ್ಟಿಗೆ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನನಿಗೆ ಜಾಸ್ತಿ, ದ್ವಾರಪಾಲಕನಿಗೆ ಕಮ್ಮಿ. ಮನೇಲಿ ಕೂತು ಡೇಟಾ ಎಂಟ್ರಿ ಮಾಡಿ ಕೂಡಿಟ್ಟದ್ದು ಅಷ್ಟೂ ಹೋಯ್ತು.

ಕೃಷ್ಣನೇ ಯಾಕೆ ಅಂತ ಎಲ್ಲರೂ ಕೇಳಿದರು. ಕೃಷ್ಣನಿಗೆ ಮೀಸೆ ಇಲ್ಲ. ಮೀಸೆ ಅಂಟಿಸೋ ಗೋಂದಿನ ವಾಸನೆ ಮೂಗಿಗೆ ಬಿದ್ದರೆ ನನ್ನ ಆ ದಿನ ಅಲ್ಲಿಗೇ ಮುಗೀತು.

ನಂಗೆ ಆಟಿಸಂ ಇದೆ. ಗೊತ್ತಾಗಿದ್ದು 17ನೇ ವಯಸ್ಸಲ್ಲಿ, ಈಗ 22. ಚಿಕ್ಕವಳಿದ್ದಾಗ ಯಾರಾದರೂ ‘ಊಟ ಆಯ್ತಾ’ ಅಂದರೆ ನಾನೂ ‘ಊಟ ಆಯ್ತಾ’ ಅಂತಿದ್ದೆನಂತೆ. ಅದಕ್ಕೆ ಎಕೋಲೇಲಿಯಾ ಅಂತ ಹೆಸರಿದೆ. ಊರ ನಾಟಕ ನೋಡಿದ ಮಾರನೇ ದಿನ ದುರ್ಯೋಧನನ ಮಾತು ಅಷ್ಟನ್ನೂ ಒಪ್ಪಿಸ್ತಿದ್ದೆ. ಅಜ್ಜಿಗೆ ಅದು ಕಾಯಿಲೆ ಅನ್ನಿಸಲೇ ಇಲ್ಲ. ‘ಇದಕ್ಕೊಂದು ಪಾರ್ಟು ಕೊಡಿಸ್ರೋ’ ಅಂತಿದ್ದಳು.

ಡಿಸೆಂಬರ್ 3

ಕಂದ ಪದ್ಯ ಅಂದರೆ ನಂಗೆ ಪ್ರಾಣ. ಮೊದಲ ಸಾಲು 12 ಮಾತ್ರೆ, ಎರಡನೇದು 20, ಮತ್ತೆ 12, ಮತ್ತೆ 20. ಒಟ್ಟು 64. ಒಂದೊಂದು ಗಣಕ್ಕೂ ನಾಲ್ಕೇ ಮಾತ್ರೆ; ಲಘು ಅಂದರೆ ಒಂದು ಮಾತ್ರೆಯ ಅಕ್ಷರ, ಗುರು ಅಂದರೆ ಎರಡು ಮಾತ್ರೆಯದು. ಪ್ರತಿ ಅರ್ಧದ ಆರನೇ ಗಣ ಲಘು-ಗುರು-ಲಘು ಇರಬೇಕು, ಇಲ್ಲಾ ನಾಲ್ಕೂ ಲಘು ಇರಬೇಕು. ಆದರೆ 1, 3, 5, 7ರಲ್ಲಿ ಆ ಲಘು-ಗುರು-ಲಘು ಬರಲೇಕೂಡದು. ಬಸ್ಸಲ್ಲಿ ಬೆರಳು ಮಡಿಸಿ ಎಣಿಸ್ತಾ ಇಳಿಯೋ ಸ್ಟಾಪೇ ದಾಟಿಹೋಯ್ತು.

ಮೇಷ್ಟ್ರು ಹಾರ್ಮೋನಿಯಂ ಮುಂದೆ ನಿಲ್ಲಿಸಿಕೊಂಡು ಅದನ್ನೇ ಮೋಹನ ರಾಗದಲ್ಲಿ ಹಾಡಿದರು. ಕೊನೇ ಅಕ್ಷರ ಎರಡು ಮಾತ್ರೆ. ಅವರು ಎಳೆದದ್ದು 31. ‘ಮೇಷ್ಟ್ರೆ, ಇದು ಕಂದ ಅಲ್ಲ’ ಅಂದೆ.

‘ಅಮ್ಮಣ್ಣಿ, ಉಸಿರಿರೋಗಂಟ ಎಳಿ.’

‘ಉಸಿರು ಎಷ್ಟು ಮಾತ್ರೆ ಇರುತ್ತೆ?’

ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಮಹಡಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ. ಆಮೇಲೆ ಮೇಷ್ಟ್ರೇ ಒಪ್ಪಂದಕ್ಕೆ ಬಂದರು: ಕೊನೇ ಅಕ್ಷರದ ಮೇಲೆ ಮೂರು ಸುತ್ತು, ಅವರು ಗದ್ದ ಎತ್ತಿದ ಕೂಡಲೇ ನಿಲ್ಲಿಸೋದು. ಶ್ರುತೀನೂ ಹಾರ್ಮೋನಿಯಂನ ಎರಡು ಮನೆ ಏರಿಸಿದರು.

ಡಿಸೆಂಬರ್ 19

ಅಂಗನವಾಡಿ ಅಕ್ಕ ದುರ್ಯೋಧನ. ನನ್ನ ಕಣ್ಣು ನೋಡಿ ಮಾತಾಡು ಅಂತಾರೆ. ನಾನು ನೋಡೋದು ಅವರ ಹುಬ್ಬಿನ ನಡುವಿನ ಕುಂಕುಮ. ತಂಗೀನ ಆರು ಅಡಿ ದೂರ ಕೂರಿಸಿ ಪರೀಕ್ಷೆ ಮಾಡಿದೆ, ವ್ಯತ್ಯಾಸ ಗೊತ್ತಾಗಲ್ಲ.

ಜನವರಿ 11

ಗುಬ್ಬಿಗೆ ಹೋಗಿದ್ದೆ. ತುಮಕೂರಿಂದ ಸುಮಾರು 20 ಕಿಲೋಮೀಟರ್. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಆಮೇಲೆ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆ ರಂಗದ ಮೇಲೆ ಬಂದವು. ವಾಪಸ್ ಬರೋವಾಗ ದಾರಿಯುದ್ದಕ್ಕೂ ಅದೇ ಯೋಚನೆ: ಮಾತಿನ ಮಧ್ಯೆ ಆನೆ ಘೀಳಿಟ್ಟರೆ ಪಾರ್ಟುದಾರರು ಏನು ಮಾಡ್ತಿದ್ದರು? ಆನೆಗೆ ತಾಲೀಮು ಕೊಡಬಹುದು, ಮಾತು ಬಾಯಿಪಾಠ ಮಾಡಿಸೋಕಾಗುತ್ತಾ?

‘ಹೆಂಗಸರು ಗಂಡು ಪಾರ್ಟು ಹಾಕದಾ’ ಅಂತ ಮೂಗು ಮುರಿಯೋರಿಗೆ ಮೇಷ್ಟ್ರು ಒಂದೇ ಹೆಸರು ಹೇಳ್ತಾರೆ: ಆರ್. ನಾಗರತ್ನಮ್ಮ. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸನಂಥ ಪಾರ್ಟು ಮಾಡಿದವರು. 2012ರಲ್ಲಿ ಪದ್ಮಶ್ರೀ ಬಂತು. ತಡ ಆಯ್ತು ಅಂತ ನನ್ನ ಅಭಿಪ್ರಾಯ.

ಫೆಬ್ರವರಿ 8

ಡ್ರೆಸ್ ಬಂತು. ಕಿರೀಟದ ಅಂಚು ಹಣೆ ಕೊರೆಯುತ್ತೆ; ಅಜ್ಜನ ಹಳೇ ಪಂಚೆ ಹರಿದು ಒಳಗೆ ಹೊಲಿದೆ. ಭುಜಕೀರ್ತಿ ಪರವಾಗಿಲ್ಲ, ಭಾರ ಮೈಮೇಲೆ ಒಂದೇ ಸಮ ಕೂತರೆ ನಂಗೆ ಹಿತ. ಮೈಕ್‌ಸೆಟ್ ಕುಂಯ್ ಅಂದಾಗ ಮಾತ್ರ ತಲೆಯೊಳಗೆ ಬಿಳಿ ಬೆಳಕು ಹೊಡೆದ ಹಾಗಾಗುತ್ತೆ. ಎರಡೂ ಕಿವಿಗೆ ಸ್ಪಂಜಿನ ಬಿರಡೆ ಹಾಕಿದರೆ ನನ್ನ ದನಿಯೇ ಬಾವಿಯೊಳಗಿಂದ ಬಂದಂಗೆ ಕೇಳಿ ಶ್ರುತಿ ತಪ್ಪುತ್ತೆ. ಸ್ಪೀಕರ್ ಕಡೆ ಕಿವಿಗೆ ಬಿರಡೆ, ಹಾರ್ಮೋನಿಯಂ ಕಡೇದು ಖಾಲಿ. ನಾಲ್ಕು ದಿನ ನೋಡಿದೆ, ಸರಿ ಹೋಯ್ತು.

ನಿರೂಪಣೆ ಮಾಡೋರು ಚೀಟಿ ತೋರಿಸಿದರು. ನನ್ನ ಹೆಸರಿನ ಹಿಂದೆ ‘ವಿಶೇಷಚೇತನ ಕಲಾವಿದೆ’ ಅಂತಿತ್ತು. ದುರ್ಯೋಧನನ ಹಿಂದೆ ‘ಸಕ್ಕರೆ ಕಾಯಿಲೆಯ’ ಅಂತ ಬರೆದಿದ್ದೀರಾ ಅಂತ ಕೇಳಿದೆ. ಅವರು ಮುಖ ಸಣ್ಣ ಮಾಡಿಕೊಂಡು ಹೊಡೆದು ಹಾಕಿದರು. ಅಕ್ಕ ಇನ್ನೂ ನಗ್ತಿದ್ದಾರೆ.

ಫೆಬ್ರವರಿ 22

ದೊಡ್ಡ ತೊಂದರೆ. ಪದ್ಯ ಚೆನ್ನಾಗಿ ಬಂದರೆ ಜನ ‘ಒನ್ಸ್ ಮೋರ್’ ಅಂತಾರೆ, ಕೆಲವರು ನೋಟು, ಹಾರ ಹಿಡಿದು ಸ್ಟೇಜ್ ಹತ್ತುತ್ತಾರೆ. ನೋಡಿದ್ದೀನಿ. ನಂಗೇ ಆಗುತ್ತೆ ಅಂತ ಹೊಳೆದಿರಲಿಲ್ಲ. ಸ್ಟೇಜ್ ನಂಗೆ ಇಷ್ಟ ಆಗೋದೇ ಎದುರಿನವರು ಏನಂತಾರೆ ಅಂತ ಮೊದಲೇ ಗೊತ್ತಿರೋದರಿಂದ. ಜನರಿಗೆ ಪುಸ್ತಕ ಕೊಟ್ಟಿಲ್ಲವಲ್ಲ.

ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಟ್ಟೆ. ಒನ್ಸ್ ಮೋರ್ ಬಂದರೆ ಎರಡನೇ ಅರ್ಧ ಮಾತ್ರ, 32 ಮಾತ್ರೆ. ನಾನು ಕೊಳಲು ಎದೆಗೆ ಹಿಡಿದರೆ ಮೇಷ್ಟ್ರು ಎತ್ತಿಕೊಳ್ಳಬೇಕು, ಕೆಳಗಿಳಿಸಿದರೆ ಮುಂದಿನ ಮಾತು. ಹಾರ ಹಿಡಿದು ಬಂದವರನ್ನು ಸಾತ್ಯಕಿ ಅಡ್ಡಗಟ್ಟಿ ತಾನೇ ಈಸ್ಕೊಳ್ಳೋದು. ಹೇಗೂ ಅವನು ಸಂಧಾನಕ್ಕೆ ಕೃಷ್ಣನ ಜೊತೆ ಹೋದವನೇ.

ಮಾರ್ಚ್ 10

ಪ್ರದರ್ಶನ ಗುಬ್ಬಿ ಕಡೆ ಹಳ್ಳೀಲಿ, ನಿನ್ನೆ ರಾತ್ರಿ. ಶುರುವಾಗಿದ್ದೇ ಎರಡು ಗಂಟೆ ತಡ. ಅಷ್ಟು ಹೊತ್ತೂ ನೀಲಿ ಬಣ್ಣ ಹಚ್ಚಿಕೊಂಡು ಸೀನರಿ ಹಿಂದೆ ಕತ್ತಲಲ್ಲಿ ಕೂತು ಲಘು, ಗುರು ಎಣಿಸಿದೆ.

ಎರಡನೇ ಪದ್ಯಕ್ಕೆ ಒನ್ಸ್ ಮೋರ್ ಬಂತು. ಕೊಳಲು ಎದೆಗೆ. 32 ಮಾತ್ರೆ, ಮೂರು ಸುತ್ತು, ಗದ್ದ, ನಿಂತಿತು. ಹಾರ ಸಾತ್ಯಕಿಗೆ ಬಿತ್ತು. ಸರಿಯಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಮತ್ತೆ ‘ಒನ್ಸ್ ಮೋರ್!’ ಎರಡನೇ ಸಲಕ್ಕೆ ನನ್ನ ಹಾಳೆಯಲ್ಲಿ ಏನೂ ಇಲ್ಲ. ಮುಂದಿನ ಮಾತು ನಾಲಿಗೆ ತುದೀಲಿತ್ತು, ಆಚೆ ಬರಲಿಲ್ಲ. ಕೊಳಲು ಅರ್ಧದಲ್ಲೇ ನಿಂತಿತು. ಮೇಷ್ಟ್ರು ನನ್ನನ್ನು, ನಾನು ಮೇಷ್ಟ್ರನ್ನು ನೋಡಿದೆವು.

ಅಂಗನವಾಡಿ ಅಕ್ಕ ಸಿಂಹಾಸನದಿಂದಲೇ ತೊಡೆ ತಟ್ಟಿದರು: ‘ಎಲೈ ಗೊಲ್ಲ, ಹಾಡಿದ್ದು ಸಾಕು, ಬಂದ ಕಾರ್ಯವ ಹೇಳು!’ ಪುಸ್ತಕದಲ್ಲಿ ಇಲ್ಲದ ಮಾತು. ಅದು ಹಾಗೇ ನನ್ನ ಬಾಯಲ್ಲಿ ವಾಪಸ್ ಬಂತು, ‘ಬಂದ ಕಾರ್ಯವ ಹೇಳು…’ ಇನ್ನೊಂದು ಸಲ, ನಿಧಾನಕ್ಕೆ, ‘ಬಂದ ಕಾರ್ಯವ ಹೇಳು ಎಂದೆಯಾ, ಸುಯೋಧನ?’ ಜನ ಶಿಳ್ಳೆ ಹೊಡೆದರು. ಅದರ ಬೆನ್ನಿಗೇ ಐದು ಗ್ರಾಮದ ಮಾತು ತಾನಾಗೇ ಬಂತು.

ಮುಗಿದ ಮೇಲೆ ಟೆಂಪೋದಲ್ಲಿ ತಲೆ ಮೇಲೆ ಕಂಬಳಿ ಹೊದ್ದು ನಲವತ್ತು ನಿಮಿಷ ಕೂತೆ. ಯಾರೂ ಮಾತಾಡಿಸಲಿಲ್ಲ, ಅದನ್ನೂ ಹಾಳೆಯಲ್ಲಿ ಬರೆದಿದ್ದೆ. ಮನೆಗೆ ಬಂದು 13 ಗಂಟೆ ನಿದ್ದೆ. ಎದ್ದ ಮೇಲೆ ಹಾಳೆಗೆ ಒಂದು ಸಾಲು ಸೇರಿಸಿದೆ: ಎರಡನೇ ಸಲ ಕೇಳಿದರೆ ಅಕ್ಕನ ಕಡೆ ತಿರುಗೋದು.

ಕಿವಿ ಹಿಂದೆ ಇನ್ನೂ ನೀಲಿ ಇದೆ. ಕೊಬ್ಬರಿ ಎಣ್ಣೆಗೂ ಬಗ್ತಿಲ್ಲ.