ಮತ್ತೆ ಹೆಡ್‌ಫೋನ್ ಬಿಚ್ಚಿ ಕೂತೆ

ಹಳೇ ಹೆಡ್‌ಫೋನಿನ ವೈರು ಬುಡದಲ್ಲೇ ಕಿತ್ತುಬಂದಿತ್ತು. ಎಸೆಯಲು ಮನಸ್ಸಾಗಲಿಲ್ಲ. ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯ ಜನಜಂಗುಳಿಯಲ್ಲಿ ನುಗ್ಗಿ, ವೈರಿನ ಪಿನ್ ಸಿಕ್ಕಿಸುವ 3.5 ಎಂಎಂ ಸಾಕೆಟ್ ತಂದು, ಎಡಗಡೆ ಕಪ್ಪಿಗೆ (ಕಿವಿ ಮುಚ್ಚುವ ಬಟ್ಟಲಿಗೆ) ತೂತು ಕೊರೆದು ಕೂರಿಸಿದೆ. ಇನ್ನು ವೈರು ಹಾಳಾದರೆ ಬೇರೆ ಸಿಕ್ಕಿಸಿದರೆ ಆಯ್ತು, ಅಲ್ವಾ? ಆದರೆ ಬೆಸುಗೆ ಹಿಡಿಯಲೇ ಇಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ಹೊಳೆಯಿತು, ಒಳಗಿನ ಕೂದಲಿನಂಥ ತಾಮ್ರದ ಎಳೆಗಳ ಮೇಲೆ ಎನಾಮಲ್ ಅನ್ನುವ ತೆಳು ನಿರೋಧಕ ಲೇಪ ಇದೆ, ಮೊದಲು ಅದನ್ನು ಸೋಲ್ಡರ್ ಬಿಸಿಯಲ್ಲಿ ಸುಟ್ಟು ತೆಗೆಯಬೇಕು ಅಂತ.

ಕಿವಿಗೆ ಒತ್ತುವ ಮೆತ್ತನೆ ಪ್ಯಾಡ್ ಬದಲಿಸಿದ್ದು ಮಾತ್ರ ದಂಡ. ನೋಡಲು ಚೆಂದ ಅಂತ ಸಣ್ಣ ತೂತುಗಳಿರುವ ಪ್ಯಾಡ್ ಹಾಕಿದೆ. ಗಾಳಿ ಸೋರಿ ಬೇಸ್ (ತಗ್ಗು ದನಿ) ಮಾಯ, ತಮಟೆ ಸದ್ದು ತಗಡು ಬಡಿದ ಹಾಗೆ! ಸುಮ್ನೆ ಹಳೇ ಪ್ಯಾಡನ್ನೇ ವಾಪಸ್ ಹಾಕಿದೆ. ಕಪ್ಪುಗಳೊಳಗೆ ಚೂರು ಹತ್ತಿ ಇಟ್ಟೆ, ಗುಂಯ್ ಅನ್ನುವುದು ಕಮ್ಮಿಯಾಯಿತು.