ಇಲ್ಲ, ನಾನು ಹೆದರಿದ್ದೆ

“ಅಷ್ಟೆಲ್ಲ ನಡೆಯುವಾಗಲೂ ನಿಮಗೆ ಭಯವೇ ಆಗಲಿಲ್ಲವಂತೆ, ಹೌದೇ?”

ಬೆಟಗೇರಿಯ ಸಂತೆಯಲ್ಲಿ ಮೆಂತ್ಯದ ಸೂಡು ಆರಿಸುವಾಗ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಆರಾಧನೆ ಮುಗಿದು ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ, ಎಲ್ಲೆಲ್ಲೂ ಇದೇ ಪ್ರಶ್ನೆ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಇನ್ನು ಮುಂದೆ ಕೇಳಿದವರ ಮೊಬೈಲಿಗೆ ಇದನ್ನೇ ಕಳಿಸಿ ನನ್ನ ಪಾಡಿಗೆ ನಾನು ಮೆಂತ್ಯ ಆರಿಸಬಹುದು.

ಉತ್ತರ ಇಷ್ಟು: ಹೆದರಿದ್ದೆ. ಯಜಮಾನರ ಕಾಯಿಲೆಯ ಮೊದಲ ದಿನದಿಂದ ಕೊನೆಯ ದಿನದವರೆಗೆ ಹೆದರಿದ್ದೆ.

ಆ ಪ್ರಶ್ನೆಯಲ್ಲಿರುವ “ಅಂತೆ” ನನಗೆ ಆಗುವುದಿಲ್ಲ. ಯಾರು ಹೇಳಿದರಂತೆ? ನಾನಂತೂ ಹೇಳಿಲ್ಲ. ಕೊನೆಯಲ್ಲೊಂದು “ಹೌದೇ” ಬೇರೆ. ಉತ್ತರವನ್ನು ಅವರೇ ಬುತ್ತಿ ಕಟ್ಟಿಕೊಂಡು ಬಂದಿರುತ್ತಾರೆ, ನಾನು ತಲೆಯಾಡಿಸಿದರೆ ಸಾಕು. ಇದರ ಮೂಲ ನನಗೆ ಗೊತ್ತು. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಡೆದ ಪ್ರಾರ್ಥನೆಗೆ ಪರಊರಿನ ಬೋಧಕರೊಬ್ಬರು ಬಂದಿದ್ದರು. “ಈ ಸಹೋದರಿ ಒಂದು ದಿನವೂ ಕಣ್ಣೀರು ಹಾಕಲಿಲ್ಲ, ಒಂದು ಕ್ಷಣವೂ ಅಂಜಲಿಲ್ಲ” ಎಂದು ಸಾರಿಬಿಟ್ಟರು. ಅವರು ಅದಕ್ಕೆ ಮೊದಲು ನನ್ನನ್ನು ನೋಡಿದ್ದು ಎರಡೇ ಸಲ. ಎರಡೂ ಸಲ ನಾನು ಚಹಾ ಸೋಸುತ್ತಿದ್ದೆ. ಚಹಾ ಸೋಸುವಾಗ ಯಾರು ಅಳುತ್ತಾರೆ?

ಧೈರ್ಯವನ್ನು ಹೀಗೆ ಇನ್ನೊಬ್ಬರ ತಲೆಗೆ ಕಟ್ಟುವುದು ನಮ್ಮಲ್ಲಿ ಹಳೆಯ ರೂಢಿ. ಕ್ರೈಸ್ತ ಧರ್ಮ ಸಾರಲು ಬಾಸೆಲ್ ಮಿಶನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ನಮ್ಮ ಮನೆತನದಲ್ಲಿ ಮೊದಲು ದೀಕ್ಷಾಸ್ನಾನ ಪಡೆದ ಹಿರಿಯಜ್ಜಿಯನ್ನು ಸಿಂಹಿಣಿ ಎಂದೇ ವರ್ಣಿಸುತ್ತಾರೆ. ನನ್ನ ಅಜ್ಜಿ ಮಾತ್ರ ಬೇರೆ ಕಥೆ ಹೇಳುತ್ತಿದ್ದಳು: ಬಂಧುಬಳಗ ಮನೆಗೆ ಬರುವುದನ್ನು ನಿಲ್ಲಿಸಿದ ಮೇಲೆ ಆ ಸಿಂಹಿಣಿ ಒಂದು ವರ್ಷ ದಿಂಬಿನ ಕೆಳಗೆ ಕುಡುಗೋಲು ಇಟ್ಟುಕೊಂಡು ಮಲಗುತ್ತಿದ್ದಳಂತೆ. ಈ “ಅಂತೆ”ಯನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಯಜಮಾನರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವೈದ್ಯರು ಹುಬ್ಬಳ್ಳಿಯಲ್ಲಿ. ವಾರಕ್ಕೆ ಮೂರು ಸಲ ಗದಗದಿಂದ ಸುಮಾರು 60 ಕಿಲೋಮೀಟರ್ ಬಸ್ಸು, ಅಲ್ಲಿ ನಾಲ್ಕು ಗಂಟೆ ಡಯಾಲಿಸಿಸ್, ಮತ್ತೆ ಬಸ್ಸು. ದಿನಕ್ಕೆ ಕುಡಿಯುವ ನೀರಿಗೆ ಅಳತೆ. ಏಪ್ರಿಲ್ ತಿಂಗಳ ಗದಗಿನಲ್ಲಿ ಒಬ್ಬ ಮನುಷ್ಯನಿಗೆ ನೀರು ಅಳೆದು ಕೊಡುವುದೆಂದರೆ ಏನೆಂದು ಕೊಟ್ಟವರಿಗೇ ಗೊತ್ತು. ಬಾಯಿ ಒಣಗಿತೆಂದರೆ ಒಂದು ಚೂರು ಐಸು ಕೊಟ್ಟು, ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದೆ.

ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದರು. ಸೂಜಿ ಚುಚ್ಚುವುದು ಅಲ್ಲಿಯೇ. ಅದರ ಮೇಲೆ ಬೆರಳಿಟ್ಟರೆ ಝುಂ ಎನ್ನಬೇಕು, ಎನ್ನದಿದ್ದರೆ ಹೆಪ್ಪುಗಟ್ಟಿರಬಹುದು, ಕೂಡಲೇ ಬನ್ನಿ ಎಂದಿದ್ದರು. ಪಕ್ಕದ ಮನೆಯಲ್ಲಿ ಮಗ್ಗ ನಡೆಯುವಾಗ ನಮ್ಮ ಗೋಡೆಗೆ ಕೈಯಿಟ್ಟರೆ ನಡುಗುತ್ತದಲ್ಲ, ಥೇಟ್ ಹಾಗೆ. ರಾತ್ರಿ ಮೂರು ಸಲ, ನಾಲ್ಕು ಸಲ ಎದ್ದು ಕತ್ತಲಲ್ಲಿ ಆ ಕೈಯನ್ನು ಹುಡುಕುತ್ತಿದ್ದೆ. ಭಯವಿಲ್ಲದವಳು ಹಾಗೆ ಏಳುವುದಿಲ್ಲ, ಮಲಗಿರುತ್ತಾಳೆ.

ಆ ದಿನಗಳಲ್ಲಿ ಸಭೆಯ ಒಬ್ಬರು ದಿನಾಲೂ ಸಂದೇಶ ಕಳಿಸುತ್ತಿದ್ದರು: ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, “ಭಯಪಡಬೇಡ” ಎಂಬ ಮಾತು 365 ಸಲ ಇದೆ, ದಿನಕ್ಕೊಂದರಂತೆ. ಎಣಿಸಿ ನೋಡಿದವರಿಗೆ ಅಷ್ಟು ಸಿಗುವುದಿಲ್ಲ. ಸಿಕ್ಕರೂ ಅಧಿಕ ವರ್ಷದ ಫೆಬ್ರವರಿ 29ರಂದು ಏನು ಮಾಡಬೇಕೆಂದು ಕೇಳಿದೆ. ಮರುದಿನದಿಂದ ಸಂದೇಶ ನಿಂತಿತು. ಅವರ ಮನಸ್ಸು ಒಳ್ಳೆಯದು, ನನ್ನದೇ ಸರಿಯಿರಲಿಲ್ಲ. ಆದರೆ ಒಂದು ಮಾತು: ಹೆದರದವರಿಗೆ ಹೆದರಬೇಡ ಎಂದು ಯಾರಾದರೂ ಹೇಳುತ್ತಾರೆಯೇ?

2019ರ ಆಗಸ್ಟಿನ ಮಳೆ ಈ ಕಡೆಯ ಯಾರಿಗೂ ಮರೆತಿರಲಾರದು. ಬೆಣ್ಣೆಹಳ್ಳ ಉಕ್ಕಿತ್ತು. ಅಣ್ಣಿಗೇರಿ ದಾಟಿದ ಮೇಲೆ ನಮ್ಮ ಬಸ್ಸು ನಿಂತಿತು. ಮುಂದೆ ರಸ್ತೆ ಎಲ್ಲಿ, ಹೊಲ ಎಲ್ಲಿ ಎಂದು ತಿಳಿಯದಂತೆ ಕಂದು ನೀರು. ಹಿಂದಿನ ಡಯಾಲಿಸಿಸ್ ಆಗಿ ಮೂರು ದಿನವಾಗಿತ್ತು. ಇವರ ಕಾಲು ಬಾತಿದ್ದವು, ಉಸಿರಿನಲ್ಲಿ ಸಣ್ಣ ಗೊರಗೊರ. ನಿಂತ ವಾಹನಗಳ ಸಾಲಿಗೆ ಎಲ್ಲಿಂದಲೋ ಗಿರ್ಮಿಟ್ಟು ಮಾರುವವನೊಬ್ಬ ಬಂದ. ಜನ ಕೊಂಡು ತಿಂದರು. ಇವರು ಕಿಟಕಿಗೆ ತಲೆಯಾನಿಸಿ ಬಾಯಿ ತೆರೆದುಕೊಂಡು ನಿದ್ದೆ ಹೋದರು.

ಆಗ ನನಗೆ ನೆನಪಾದದ್ದು ದೋಣಿಯ ಕಥೆ. ಬಿರುಗಾಳಿಗೆ ದೋಣಿಯೊಳಗೆ ನೀರು ನುಗ್ಗುತ್ತಿದೆ, ಯೇಸು ಹಿಂಭಾಗದಲ್ಲಿ ದಿಂಬಿಗೆ ಒರಗಿ ಮಲಗಿದ್ದಾನೆ. ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವೇ ಎಂದು ಶಿಷ್ಯರು ಎಬ್ಬಿಸುತ್ತಾರೆ. ನನ್ನ ಪಾಲಿಗೆ ಆ ಹೊತ್ತು ಇಬ್ಬರೂ ಮಲಗಿದ್ದರು, ಇಬ್ಬರ ಮೇಲೂ ಸಿಟ್ಟು ಬಂದಿತ್ತು. “ಏಳು! ಏಳುತ್ತೀಯೋ ಇಲ್ಲವೋ?” ಎಂದೆ. ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಗೆ ಬಂದುಬಿಟ್ಟಿತ್ತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಇವರು ಕಣ್ಣು ಬಿಟ್ಟು, “ಹುಬ್ಬಳ್ಳಿ ಬಂತೇ?” ಎಂದರು. “ನಿಮಗೆ ಹೇಳಿದ್ದಲ್ಲ, ಮಲಗಿರಿ” ಎಂದೆ.

ಈ ಕಥೆಯನ್ನು ತಮ್ಮ ತಮ್ಮ ಸುವಾರ್ತೆಯಲ್ಲಿ ಮತ್ತಾಯನೂ ಬರೆದಿದ್ದಾನೆ, ಮಾರ್ಕನೂ ಬರೆದಿದ್ದಾನೆ. ಮತ್ತಾಯನಲ್ಲಿ ಯೇಸು ಮೊದಲು ಅಲ್ಪವಿಶ್ವಾಸಿಗಳೇ ಎಂದು ಶಿಷ್ಯರನ್ನು ಗದರಿಸಿ ಆಮೇಲೆ ಗಾಳಿಯನ್ನು ಗದರಿಸಿ ಅಡಗಿಸುತ್ತಾನೆ. ಮಾರ್ಕನಲ್ಲಿ ಮೊದಲು ಗಾಳಿಗೆ, ಆಮೇಲೆ ಶಿಷ್ಯರಿಗೆ. ನಾನು ಮಾರ್ಕನ ಪಕ್ಷ. ಬೈಯುವುದಿದ್ದರೆ ಬೈಯಲಿ, ಮೊದಲು ನೀರು ಇಳಿಯಲಿ. ನಂಬಿಕೆ ಎಲ್ಲಿತ್ತು ಎಂದು ಕೇಳುವವರಿಗೆ ನಾನು ತೋರಿಸಬಲ್ಲದ್ದು ಆ “ಏಳು” ಒಂದನ್ನೇ. ಖಾಲಿ ದೋಣಿಯಲ್ಲಿ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ.

ನೀವು ಪ್ರಾರ್ಥನೆಯಲ್ಲಿ ಏನು ಕೇಳುತ್ತಿದ್ದಿರಿ ಎಂದು ಮಾತ್ರ ಯಾರೂ ಇದುವರೆಗೆ ಕೇಳಿಲ್ಲ. ಕೇಳಿದ್ದರೆ ಕುಳ್ಳಿರಿಸಿ ಹೇಳುತ್ತಿದ್ದೆ. ಮೊದಲ ವರ್ಷ ಪೂರ್ತಿ ಗುಣವಾಗಲಿ ಎಂದು ಉಪವಾಸ ಮಾಡಿ ಕೇಳಿದೆ. ಆಮೇಲೆ ಬೇಡಿಕೆ ಸಣ್ಣದಾಗುತ್ತ ಹೋಯಿತು. ಬೆಳಗಿನ ಬಸ್ಸಿನಲ್ಲಿ ಸೀಟು ಸಿಗಲಿ. ಸೂಜಿ ಮೊದಲ ಸಲಕ್ಕೇ ಸರಿಯಾಗಿ ಕೂರಲಿ. ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ನೀರು ನಿಂತು ತೂಕ ಎರಡು ಕಿಲೋಗಿಂತ ಹೆಚ್ಚು ಏರದಿರಲಿ. ಕೊನೆಕೊನೆಗೆ ರಾತ್ರಿ ಆ ಕೈ ಮುಟ್ಟಿ, ಝುಂ ಎಂದರೆ “ಸ್ತೋತ್ರ” ಎಂದು ಮಲಗುವುದು, ಅಷ್ಟೇ. ಇದನ್ನು ವಿಶ್ವಾಸ ಕುಗ್ಗಿತು ಎನ್ನುವವರು ಎನ್ನಲಿ. ದೊಡ್ಡ ಬೇಡಿಕೆಯ ಕಾಲದಲ್ಲಿ ನಾನು ದೇವರೊಂದಿಗೆ ವಾರಕ್ಕೊಮ್ಮೆ ಮಾತಾಡುತ್ತಿದ್ದೆ. ಸಣ್ಣವು ಶುರುವಾದ ಮೇಲೆ ಅವನಿಗೂ ನಿದ್ದೆಯಿರಲಿಲ್ಲ, ನನಗೂ ಇರಲಿಲ್ಲ.

ಹೋದ ತಿಂಗಳು ಸಭೆಯ ಸ್ತ್ರೀಯರ ಕೂಟದವರು, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ಕರೆದರು. ಬಸ್ಸಿನ ಕಥೆ ಹೇಳುತ್ತೇನೆ ಎಂದೆ. ಫೋನಿನಲ್ಲೇ ಅರ್ಧ ಕೇಳಿ ಖುಷಿಪಟ್ಟು, “ಕೊನೆಗೆ ನೀರು ಇಳಿಯಿತು, ಹೌದೇ?” ಎಂದರು.

“ಇಲ್ಲ. ಬಸ್ಸು ತಿರುಗಿ ಗದಗಕ್ಕೆ ಬಂತು. ರಾತ್ರಿಯೆಲ್ಲ ಇವರನ್ನು ಗೋಡೆಗೆ ಒರಗಿಸಿ ಕೂರಿಸಿಕೊಂಡಿದ್ದೆ. ಮರುದಿನ ಮಧ್ಯಾಹ್ನ ಹೋದೆವು.”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆ ದಿನದ ಸಾಕ್ಷಿಗೆ ಬೇರೆಯವರನ್ನು ಗೊತ್ತುಮಾಡಿದ್ದಾರೆಂದು ಆಮೇಲೆ ತಿಳಿಯಿತು. ಚಹಾದ ಜವಾಬ್ದಾರಿ ನನಗೆ.